ಗೋಡೆಯ ಮೇಲಿನ ಗುಲಾಬಿ ಬಿಲ್ಲೆ

ಮಾರ್ಚ್ ಆರು, ಗುರುವಾರ. ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷ.

ಮೀಟರ್ ಅಕ್ಕ ಬಚ್ಚಲುಮನೆಯ ಸ್ಟೂಲಿನ ಮೇಲೆ ನಿಂತು, ಎಕ್ಸಾಸ್ಟ್ ಫ್ಯಾನ್ ಕಳಚಿದ ತೂತಿನೊಳಗೆ ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಗೋಡೆಗೆ ಒತ್ತಿಕೊಂಡ ಕೆನ್ನೆಗೆ ಸುಣ್ಣ ಮೆತ್ತಿತ್ತು. ಕೆಳಗೆ ಸ್ಟೂಲಿನ ಕಾಲು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಅವಳ ಭಾವನಿಗೆ ಆಗಲೇ ಮಂಡಿ ಹಿಡಿದುಕೊಂಡಿತ್ತು.

"ಏನಮ್ಮಾ, ಆಚೆ ಬೀದಿ ಕಾಣ್ತಿದೆಯಾ?"

"ಬೀದಿ ಕಾಣಬೇಕಿತ್ತು ಭಾವ. ಸಿಮೆಂಟು ಕಾಣ್ತಿದೆ."

"ಅದನ್ನೇ ನಾನು ಮಂಗಳವಾರದಿಂದ ಹೇಳ್ತಿರೋದು," ಎಂದರು ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್. "ಪೈಪು ಗೋಡೆ ಮಧ್ಯದಲ್ಲೇ ಮುಗಿದುಹೋಗಿದೆ. ಹೊರಗಡೆ ಗಾರೆ, ಅದರ ಮೇಲೆ ಬಣ್ಣ. ಫ್ಯಾನ್ ಹಾಕಿದ ದಿನದಿಂದ ಒಂದು ಚಮಚ ಗಾಳಿನೂ ಆಚೆ ಹೋಗಿಲ್ಲ."

ಭಾನುವಾರ ಇದೇ ಬಚ್ಚಲಲ್ಲಿ ಟೈಲರಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಆಸ್ಪತ್ರೆಯವರು ಅವಳ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಕಂಡಿದ್ದರು, ಗ್ಯಾಸ್ ಗೀಸರಿನ ಹೊಗೆ ಫ್ಯಾನಿನಿಂದ ಆಚೆ ಹೋಗದೆ ಒಳಗೇ ತುಂಬಿತೆಂದು ಪೊಲೀಸರು ತಿಳಿದಿದ್ದರು, ಎಂಟು ತಿಂಗಳ ಹಿಂದೆ ಫ್ಯಾನ್ ಕೂರಿಸಿದ ಫಿಟ್ಟರ್ ಈಗ ಪೊಲೀಸರ ಕೈಯಲ್ಲಿದ್ದ.

ಆ ಫಿಟ್ಟರ್ ಇನ್‌ಸ್ಪೆಕ್ಟರರ ಬೆನ್ನ ಹಿಂದೆಯೇ ನಿಂತಿದ್ದ. ಉದ್ದನೆಯ ಹುಡುಗ, ತಲೆ ಬಗ್ಗಿಸಿ ಬಗ್ಗಿಸಿ ಒಂದು ಅಡಿ ಕಡಿಮೆಯಾದಂತಿದ್ದ. ಬರುವ ತಿಂಗಳು ಟೈಲರಮ್ಮನ ಮಗಳ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಈ ಕೇಸಿಗೆ ಅಕ್ಕನನ್ನು ಕರೆಸಿದವಳೂ ಆ ಮಗಳೇ. ಆಸ್ಪತ್ರೆಯ ವರಾಂಡದಲ್ಲಿ ಕಣ್ಣು ಒರೆಸಿಕೊಳ್ಳದೆ ಅವಳು ಹೇಳಿದ್ದು ಅಕ್ಕನ ಕಿವಿಯಲ್ಲಿ ಇನ್ನೂ ಇತ್ತು. "ಅವನ ಅಜಾಗ್ರತೆಯಿಂದಲೇ ಅಮ್ಮನಿಗೆ ಹೀಗಾಗಿದ್ರೆ ಹೇಳಿಬಿಡಿ ಅಕ್ಕಾ, ಒಂದೇ ಸಲ ಅತ್ತು ಮುಗಿಸ್ತೀನಿ. ಅಲ್ಲ ಅಂದ್ರೆ ಅದನ್ನೂ ಹೇಳಿ. ಮಧ್ಯೆ ಮಾತ್ರ ಬಿಡಬೇಡಿ."

ಅಕ್ಕ ಹದಿನೇಳು ವರ್ಷ ಸರ್ಕಾರಿ ಅಪರಾಧ ಪ್ರಯೋಗಾಲಯದ ರಸಾಯನ ವಿಭಾಗದಲ್ಲಿದ್ದವಳು. ಕೆಲಸ ಬಿಟ್ಟ ಮೇಲೂ ಒಂದಲ್ಲ ಒಂದು ಮೀಟರು ಚೀಲದಲ್ಲಿಲ್ಲದೆ ಹೊಸಿಲು ದಾಟುತ್ತಿರಲಿಲ್ಲವಾದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಇವತ್ತು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದದ್ದು ಕಾರ್ಬನ್ ಮಾನಾಕ್ಸೈಡ್ ಅಳೆಯುವ ಅಂಗೈಯಗಲದ ಹಳದಿ ಡಬ್ಬಿ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲವನ್ನು ಮನುಷ್ಯನ ಮೂಗು ನಂಬಿ ಹಿಡಿಯಲಾಗುವುದಿಲ್ಲ. ಡಬ್ಬಿ ಸೊನ್ನೆ ತೋರಿಸುತ್ತಿತ್ತು; ನಾನೂರು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನಾನೂರು ಪಾಲು, ತೋರಿಸಿದರೆ ಮೂರು ಗಂಟೆಯಲ್ಲಿ ಜೀವಕ್ಕೇ ಅಪಾಯ.

"ಫಿಟ್ಟರೇ, ಪೈಪು ಯಾವುದರಲ್ಲಿ ಕತ್ತರಿಸಿದಿರಿ?"

"ಕೈಗರಗಸದಲ್ಲಿ ಅಕ್ಕಾ." ಅವನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. "ಆಮೇಲೆ ಅಂಚು ಉಜ್ಜಿದೀನಿ. ಹೊರಗಡೆಗೆ ವಾಟ ಕೊಟ್ಟು ಕೂರಿಸಿದೀನಿ, ಮಳೆನೀರು, ಆವಿನೀರು ಏನೇ ಬಂದ್ರೂ ಆಚೆ ಹರೀಬೇಕು ಅಂತ. ಗೋಡೆಯಿಂದ ಒಂದು ಬೆರಳು ಹೊರಗೆ ಬಿಟ್ಟು, ಮೇಲೆ ಮುಚ್ಚಳದ ಜಾಲರಿ, ನಾಲ್ಕು ಮೊಳೆ. ಇಷ್ಟು ಸಲ ಹೇಳಿದೀನಿ. ಯಾರೂ ಕೇಳ್ತಿಲ್ಲ."

"ನಾನು ಕೇಳ್ತಿದೀನಲ್ಲ."

ವಾಟ ಸರಿಯಾಗಿತ್ತು. ಟಾರ್ಚಿನ ಬೆಳಕಲ್ಲಿ ಪೈಪು ಹೊರಕ್ಕೆ ಇಳಿಜಾರಾಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ತುದಿಯಲ್ಲಿ ಗರಗಸದ ಗುರುತಿರಲಿಲ್ಲ. ಪ್ಲಾಸ್ಟಿಕ್ಕು ಕರಗಿ, ಮತ್ತೆ ಗಟ್ಟಿಯಾಗಿ, ಮೇಣದ ಬತ್ತಿಯ ಅಂಚಿನಂತೆ ಸುರುಳಿಗಟ್ಟಿತ್ತು. ಯಾವುದೋ ಪುಟ್ಟ ಚಕ್ರ ಜೋರಾಗಿ ತಿರುಗಿ, ತುಂಡು ತುಂಡು ಕಮಾನುಗಳಲ್ಲಿ ಅದನ್ನು ಕೊಯ್ದಿತ್ತು.

ಅದಕ್ಕಿಂತ ಅಕ್ಕನಿಗೆ ಇಷ್ಟವಾಗಿದ್ದು ಬೇರೆ. ಪೈಪಿನ ಒಳಮೈಗೆಲ್ಲ ನೂಲಿನ ಜುಂಗು ಹತ್ತಿ ಕೂತಿತ್ತು: ಕೆಂಪು, ಹಸಿರು, ಹಳದಿ. ಪಕ್ಕದ ಕೋಣೆಯಲ್ಲಿ ವರ್ಷಾನುಗಟ್ಟಲೆ ಬಟ್ಟೆ ಕತ್ತರಿಸಿದ ಮನೆಯಲ್ಲಿ ಮಾತ್ರ ಇಂಥ ಬಣ್ಣದ ಧೂಳು ಹುಟ್ಟುತ್ತದೆ. ಅದು ಫ್ಯಾನಿನ ಬಾಯಿಂದ ಹಿಡಿದು ಕರಗಿದ ಅಂಚಿನವರೆಗೂ ಒಂದೇ ಸಮನೆ ಹಾಸಿತ್ತು. ಚಿಮುಟದಲ್ಲಿ ಒಂದು ಕೆಂಪು ಎಳೆ ಹಿಡಿದು ಮೆಲ್ಲಗೆ ಎಳೆದಳು. ಬರಲಿಲ್ಲ. ಅದರ ಇನ್ನೊಂದು ತುದಿ ಸಿಮೆಂಟಿನ ಅಡಿಯಲ್ಲಿ ಹೂತುಹೋಗಿತ್ತು.

"ಇನ್‌ಸ್ಪೆಕ್ಟರೇ, ಒಂದು ಖಾಲಿ ಬಾಟ್ಲಿಗೆ ಬಾಯಿಟ್ಟು ಊದಿ ನೋಡಿದೀರಾ?"

"ಚಿಕ್ಕೋನಿದ್ದಾಗ."

"ಗಾಳಿ ಒಳಗೆ ಹೋಗುತ್ತಾ?"

"ಇಲ್ಲ. ಮುಖಕ್ಕೇ ಬರುತ್ತೆ."

"ಈ ಪೈಪು ಮೊದಲ ದಿನದಿಂದಲೇ ಮುಚ್ಚಿತ್ತು ಅನ್ನೋದಾದ್ರೆ ಅದೂ ಒಂದು ಬಾಟ್ಲಿ. ಹಾಗಿದ್ರೆ ಟೈಲರಮ್ಮನ ನೂಲು ತಳದವರೆಗೂ ಹೇಗೆ ಹೋಯ್ತು? ಹೋಗಿದ್ದಷ್ಟೇ ಅಲ್ಲ, ಸಿಮೆಂಟು ಆ ನೂಲಿನ ಮೇಲೆ ಕೂತಿದೆ. ನೂಲು ಮೊದಲು ಬಂತು, ಸಿಮೆಂಟು ಆಮೇಲೆ."

ಫಿಟ್ಟರ್ ಮೊದಲ ಬಾರಿಗೆ ತಲೆಯೆತ್ತಿದ.

ಇನ್‌ಸ್ಪೆಕ್ಟರ್ ಮೀಸೆ ಸವರಿಕೊಂಡರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. "ಮೇಡಂ, ಒಂದು ಎಳೆ ದಾರ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ನನ್ನನ್ನ ನೋಡಿ ನಗ್ತಾರೆ. ಮಧ್ಯಾಹ್ನ ಇವನನ್ನ ಅಲ್ಲಿ ಹಾಜರುಪಡಿಸಬೇಕು."

"ನಗದೇ ಇರೋ ಹಾಗೆ ಮಾಡೋಣ. ಆಚೆ ಗೋಡೆಗೆ ಹೋಗೋದು ಹೇಗೆ?"

* * *

ಆಚೆ ಗೋಡೆಗೆ ಏಣಿ ಬೇಕಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ಮನೆಯ ಮಾಲೀಕರಾದ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಕ್ಲಿನಿಕ್ಕಿನ ಹಿಂಭಾಗದ ತಗ್ಗು ತಾರಸಿ ಸರಿಯಾಗಿ ಈ ಬಚ್ಚಲ ಗೋಡೆಯ ಕೆಳಗೆ ಬರುತ್ತಿತ್ತು. ಮೆಟ್ಟಿಲ ಕಿಟಕಿಯಿಂದ ಕಾಲು ಹಾಕಿದರೆ ತಾರಸಿ, ತಾರಸಿಯ ಮೇಲೆ ನಿಂತು ಕೈಯೆತ್ತಿದರೆ ಪೈಪಿನ ತುದಿ ಬರಬೇಕಾದ ಜಾಗ.

ಗೋಡೆ ಮಾತ್ರ ಏನೂ ಗೊತ್ತಿಲ್ಲದವರ ಮುಖದಂತೆ ನುಣ್ಣಗಿತ್ತು. ತೂತಿಲ್ಲ, ಮುಚ್ಚಳವಿಲ್ಲ, ಮೊಳೆಯ ಗುರುತೂ ಇಲ್ಲ.

ಫಿಟ್ಟರ್ ಅಂಗೈಯಿಂದ ಗೋಡೆ ಸವರಿದ. "ಇಲ್ಲೇ ಹಾಕಿದ್ದೆ. ಅಕ್ಕಾ, ಇಲ್ಲೇ. ನನಗೇನು ಹುಚ್ಚು ಹಿಡೀತಾ?"

"ಸ್ವಲ್ಪ ತಡಿ. ಗೋಡೆ ಏನು ಹೇಳುತ್ತೋ ಕೇಳೋಣ."

ಅಕ್ಕ ಉಪ್ಪುಕಾಗದದಿಂದ ಒಂದು ಚೌಕದಷ್ಟು ಬಣ್ಣ ಉಜ್ಜಿ ತೆಗೆದಳು. ಅಡಿಯಲ್ಲಿ ಬೂದು ಗಾರೆ, ಎಲ್ಲ ಒಂದೇ ಥರ. ಚೀಲದಿಂದ ಹೂಗಿಡಕ್ಕೆ ನೀರು ಚಿಮುಕಿಸುವಂಥ ಪುಟ್ಟ ಬಾಟಲಿ ತೆಗೆದಳು.

"ಗಂಗೆನಾ?" ಎಂದ ಭಾವ.

"ಫೀನಾಫ್ತಲೀನ್. ಹೈಸ್ಕೂಲಿನಲ್ಲಿ ನೋಡಿರ್ತೀರಿ ಭಾವ."

"ನಾನು ಹೈಸ್ಕೂಲಿನಲ್ಲಿ ಕಿಟಕಿ ಆಚೆ ನೋಡ್ತಿದ್ದೆ."

"ಹೊಸ ಸಿಮೆಂಟಿನಲ್ಲಿ ಕ್ಷಾರ ತುಂಬಿರುತ್ತೆ. ಇದು ತಗುಲಿದರೆ ಗುಲಾಬಿಯಾಗುತ್ತೆ. ವರ್ಷಗಳು ಕಳೆದ ಹಾಗೆ ಗಾಳಿ ಆ ಕ್ಷಾರವನ್ನ ಮೇಲಿಂದ ತಿಂದುಹಾಕುತ್ತೆ. ಹಳೇ ಗಾರೆಯ ಮೈಗೆ ಬಣ್ಣ ಬರಲ್ಲ. ಎಂಟು ತಿಂಗಳ ಗಾರೆಯಾದರೆ ಮಂಕಾಗಿ, ತೇಪೆತೇಪೆಯಾಗಿ ಬರುತ್ತೆ. ನಾಲ್ಕು ದಿನದ್ದಾದರೆ..."

ಮಾತು ಮುಗಿಸದೆ ಚಿಮುಕಿಸಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬೂದು ಗೋಡೆಯ ನಡುವೆ, ಯಾರೋ ಒಳಗಿನಿಂದ ದೀಪ ಹಚ್ಚಿದಂತೆ, ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಗುಂಡನೆಯ ಬಿಲ್ಲೆ ಮೂಡಿತು. ಕಡು ಗುಲಾಬಿ. ಅಂಚು ಕೊರೆದಿಟ್ಟ ಹಾಗೆ. ಅದರ ಸುತ್ತ ನಾಲ್ಕು ಕಡೆ, ಅಳೆದಿಟ್ಟಂತೆ, ಮೆಣಸಿನ ಕಾಳಿನ ಗಾತ್ರದ ನಾಲ್ಕು ಗುಲಾಬಿ ಚುಕ್ಕೆಗಳೂ ಎದ್ದವು. ಸುತ್ತಲಿನ ಗಾರೆ ಬೂದಾಗಿಯೇ ಉಳಿಯಿತು.

"ನನ್ನ ನಾಲ್ಕು ಮೊಳೆ," ಎಂದ ಫಿಟ್ಟರ್. "ಅಕ್ಕಾ, ಅವು ನನ್ನ ನಾಲ್ಕು ಮೊಳೆ."

ಇನ್‌ಸ್ಪೆಕ್ಟರ್ ಫೋನು ತೆಗೆದು ಚಿತ್ರ ತೆಗೆದರು. ಒಂದಲ್ಲ, ಐದಾರು. ಆಮೇಲೆ ಯಾರಿಗೂ ಕೇಳಿಸಬಾರದೆಂಬಂತೆ ಗಂಟಲು ಸರಿಮಾಡಿಕೊಂಡು ಕಾನ್‌ಸ್ಟೇಬಲ್ಲಿಗೆ ಹೇಳಿದರು: "ಅವನಿಗೆ ಕುಡಿಯೋಕೆ ನೀರು ಕೊಡಯ್ಯ."

"ನೀರಿನ ಜೊತೆ ಉಳಿ, ಸುತ್ತಿಗೆನೂ ಕೊಡಿ," ಎಂದಳು ಅಕ್ಕ. "ತೂತು ಅವನೇ ಬಿಡಿಸಲಿ. ಒಡೆದು ಹಾಕಬೇಡಪ್ಪಾ, ಇಡಿಯಾಗಿ ಬೇಕು ನನಗೆ."

ಬಿಡಿಸುವುದು ಸುಲಭವಾಗಲಿಲ್ಲ. ಅಂಚಿಗೆ ಉಳಿಯಿಟ್ಟು ತಟ್ಟಿದ, ಮೀಟಿದ, ಬೆವರಿದ.

"ಇದೇನು ಅಕ್ಕಾ, ಹಲ್ಲು ಕಚ್ಚಿಕೊಂಡು ಕೂತಿದೆ! ಗಾರೆಯೋನು ತುಂಬಿದ್ರೆ ನೆಟ್ಟಗೆ ಬಿರಡೆ ಥರ ತುಂಬಿರ್ತಾನೆ, ಎರಡು ಏಟಿಗೆ ಬರುತ್ತೆ. ಇದು ಒಳಗೆ ಅಗಲ, ಬಾಯಿ ಕಿರಿದು. ಒಳಗಿನ ಗಾರೆನ ಬೇಕಂತಲೇ ಕೆರೆದು, ಆಮೇಲೆ ತುಂಬಿದಾರೆ."

ಸುತ್ತಲಿನ ಗಾರೆಯನ್ನು ಒಂದು ಸುತ್ತು ಕೆತ್ತಿದ ಮೇಲೆ ತುಂಡು ಇಡಿಯಾಗಿ ಅವನ ಅಂಗೈಗೆ ಬಂತು. ಅಕ್ಕ ಅದನ್ನು ಹೊರಳಿಸಿ ನೋಡಿದಳು. ತೆಳು ತೆಳುವಾದ ಪದರ. ಒಂದು ಪದರ ಒತ್ತಿ, ನಯ ಮಾಡಿ, ಆಮೇಲೆ ಇನ್ನೊಂದು. ಪ್ರತಿ ಪದರದ ಮೇಲೂ ಕಿರುಬೆರಳಿಗಿಂತ ಕಿರಿದಾದ ಯಾವುದೋ ಚಪ್ಪಟೆ ಸಲಕರಣೆ ಎಳೆದ ಗೀರು. ಗಾರೆ ಕೆಲಸದವರ ಕರಣೆ ಇದರ ಹತ್ತು ಪಾಲು ಅಗಲ. ಹೊರಮೈಯನ್ನಂತೂ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದರು.

ಯಾರಪ್ಪಾ ಇಷ್ಟು ಪ್ರೀತಿಯಿಂದ ಒಂದು ಗೋಡೆ ಮುಚ್ಚುತ್ತಾರೆ?

ಭಾವ ಅದನ್ನು ಕೈಗೆ ತೆಗೆದುಕೊಂಡ. ನೋಡುತ್ತ ನೋಡುತ್ತ ಅವನ ಎಡಗೆನ್ನೆ ಉಬ್ಬಿತು. ನಾಲಿಗೆ ದವಡೆಯೊಳಗೆ ಏನನ್ನೋ ತಡವುತ್ತಿತ್ತು.

"ಏನಮ್ಮಾ..." ಎಂದ. "ನಗಬೇಡ. ಇದು ನನ್ನ ದವಡೆ ಹಲ್ಲಿನ ಥರಾನೇ ಇದೆ."

ಅಕ್ಕ ನಗಲಿಲ್ಲ.

"ಹೋದ ಬೇಸಿಗೆ ರಜೆಯಲ್ಲಿ ತುಂಬಿಸ್ಕೊಂಡೆನಲ್ಲ. ಒಳಗೆ ಅಗಲ ಮಾಡಿ, ಬಾಯಿ ಕಿರಿದಾಗಿ ಇಡ್ತೀನಿ, ಇಲ್ಲಾಂದ್ರೆ ಅಗಿಯುವಾಗ ಉದುರಿಹೋಗುತ್ತೆ ಅಂತ ಡಾಕ್ಟ್ರೇ ನನಗೆ ಕನ್ನಡಿ ಹಿಡಿದು ತೋರಿಸಿದ್ರು."

"ಯಾವ ಡಾಕ್ಟ್ರು?"

ಭಾವ ತೋರುಬೆರಳನ್ನು ಕೆಳಗೆ, ತಾವು ನಿಂತಿದ್ದ ತಾರಸಿಯ ಕಡೆಗೆ ತಿರುಗಿಸಿದ.

* * *

ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯ ವಾಸನೆ. ಕುರ್ಚಿಯ ಮೇಲೆ ಒಬ್ಬ ದಪ್ಪನೆಯ ರೋಗಿ ಬಾಯಿ ಅಗಲಿಸಿ ಮಲಗಿದ್ದ. ಡಾಕ್ಟರು ಅದರೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದರು. ಬಿಳಿ ಕೂದಲು, ಇಸ್ತ್ರಿಯ ಗೆರೆ ಕೆಡದ ಅಂಗಿ, ಒಂದಿಷ್ಟೂ ನಡುಗದ ಬೆರಳು.

ಅಕ್ಕ ಸಿಮೆಂಟಿನ ತುಂಡನ್ನು ಅವರ ಸಲಕರಣೆಗಳ ತಟ್ಟೆಯಲ್ಲಿ ಟಣ್ ಎಂದು ಇಟ್ಟಳು.

"ಡಾಕ್ಟ್ರೇ, ಇದನ್ನ ತುಂಬಿದೋರ ಕೈಗೆ ಎಷ್ಟು ಅಂಕ ಕೊಡ್ತೀರಿ?"

ಡಾಕ್ಟರ ಬೆರಳು ನಿಂತಿತು. "ಏನಮ್ಮಾ ಇದು? ರೋಗಿ ಇದ್ದಾರೆ, ಕಾಣಲ್ವಾ?"

"ಆಂ... ಆಂ," ಎಂದ ರೋಗಿ, ಕಣ್ಣು ಮಾತ್ರ ಹೊರಳಿಸಿ.

"ಇರಲಿ ಬಿಡಿ, ಅವರಿಗೂ ಗೊತ್ತಾಗಲಿ." ಅಕ್ಕ ತಟ್ಟೆಯಿಂದ ಒಂದು ಚಪ್ಪಟೆ ಕಡ್ಡಿ ಎತ್ತಿ ಸಿಮೆಂಟಿನ ಗೀರಿನ ಮೇಲೆ ಇಟ್ಟಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. "ಪೈಪು ಕೊಯ್ದಿರೋದು ಹಲ್ಲಿನ ಸೆಟ್ಟಿನ ಅಂಚು ಸವರೋ ಪುಟ್ಟ ಚಕ್ರದಲ್ಲಿ. ಅದು ಅಲ್ಲಿ, ಆ ಕೊಕ್ಕೆಯಲ್ಲಿ ನೇತಾಡ್ತಿದೆ. ಅದರ ಹಲ್ಲಿನ ಸಂದಿಯಲ್ಲಿ ಆ ಪೈಪಿನದೇ ಬೂದು ಬಣ್ಣದ ಪ್ಲಾಸ್ಟಿಕ್ ಇದೆ. ಯಾವ ರೋಗಿಯ ಒಸಡು ಬೂದು ಬಣ್ಣ ಇರುತ್ತೆ ಡಾಕ್ಟ್ರೇ?"

"ಆಂ!" ಎಂದ ರೋಗಿ.

"ನೀವು ಹೋಗಿ ಬಾಯಿ ಮುಕ್ಕಳಿಸ್ಕೊಂಡು ಬನ್ನಿ," ಎಂದು ಡಾಕ್ಟರು ಅವನನ್ನು ಕಳಿಸಿದರು. ಅವನು ಬಾಗಿಲಾಚೆ ಹೋದ. ಬಾಗಿಲು ಮುಚ್ಚಲು ಮಾತ್ರ ಮರೆತ.

ಡಾಕ್ಟರು ತಮ್ಮ ರೋಗಿಯ ಕುರ್ಚಿಯಲ್ಲೇ ಕುಸಿದು ಕೂತರು. ಮೇಲಿನ ದೊಡ್ಡ ದೀಪ ಅವರ ಮುಖಕ್ಕೇ ಬೀಳುತ್ತಿತ್ತು. ಆರಿಸಲು ಯಾರೂ ಮುಂದಾಗಲಿಲ್ಲ.

"ಸೋಮವಾರ," ಎಂದರು. "ಎಲ್ಲರೂ ಆಸ್ಪತ್ರೆಯಲ್ಲಿದ್ದರು."

"ಯಾಕೆ?"

"ಗೀಸರ್ ನಂದು. ಹಳೇದು. ಆಯಮ್ಮ ಎಷ್ಟು ಸಲ ಹೇಳಿದಳು, ಡಾಕ್ಟ್ರೇ ಯಾರನ್ನಾದ್ರೂ ಕರೆಸಿ ತೋರಿಸಿ ಅಂತ. ನಾಳೆ, ನಾಳೆ ಅಂದೆ. ಭಾನುವಾರ ಸ್ಟ್ರೆಚರ್ ಇಳಿಸೋವಾಗ ನಾನೇ ಒಂದು ಕಡೆ ಹಿಡಿದಿದ್ದೆ. ಅವಳ ಕೈ ನನ್ನ ಕೈ ಮೇಲೆ ಬಿತ್ತು. ತಣ್ಣಗಿತ್ತು." ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಮೇಲೆ ಹೋಗಿ ಫ್ಯಾನ್ ಹಾಕಿ ನೋಡಿದೆ. ಗಾಳಿ ಚೆನ್ನಾಗೇ ಹೋಗ್ತಿತ್ತು. ಪೈಪು ಸರಿಯಿದ್ದರೆ ಉಳಿಯೋದು ಏನು? ನನ್ನ ಗೀಸರ್ರೇ ತಾನೇ?"

"ಅದಕ್ಕೆ ಪೈಪನ್ನೇ ಸರಿಯಿಲ್ಲದ ಹಾಗೆ ಮಾಡಿದಿರಿ."

"ಹುಡುಗ ಇನ್ನೂ ಚಿಕ್ಕವನು, ಹೇಗೋ ಬಚಾವಾಗ್ತಾನೆ ಅಂದುಕೊಂಡೆ. ನನಗೆ ಈ ಬೀದಿಯಲ್ಲಿ ಮೂವತ್ತು ವರ್ಷದ ಹೆಸರಿದೆ."

ಬಾಗಿಲಲ್ಲಿ ನಿಂತಿದ್ದ ಫಿಟ್ಟರ್ ಆಗ ಬಾಯಿಬಿಟ್ಟ. ಕೂಗಲಿಲ್ಲ. "ನನಗೂ ಒಂದು ಹೆಸರಿತ್ತು ಡಾಕ್ಟ್ರೇ. ನಿಮ್ಮಷ್ಟು ಹಳೇದಲ್ಲ, ಅಷ್ಟೇ."

ಹೊರಗಿನಿಂದ ಮುಕ್ಕಳಿಸುವ ಸದ್ದು ನಿಂತುಹೋಗಿತ್ತು.

ಇನ್‌ಸ್ಪೆಕ್ಟರ್ ಟೋಪಿ ತೆಗೆದು, ಒಳಗೇನೋ ಬರೆದಿದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡರು. ಫಿಟ್ಟರನ ಹೆಗಲ ಮೇಲೆ ಕೈಯಿಟ್ಟರು. "ಮನೆಗೆ ಹೋಗಪ್ಪಾ ನೀನು. ಸಹಿ ಹಾಕೋದಿದ್ರೆ ನಾನೇ ಕಳಿಸ್ತೀನಿ."

ಅವನು ಮನೆಗೆ ಹೋಗಲಿಲ್ಲ. ಹೋಗುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಆಟೋ ನಿಂತು, ಟೈಲರಮ್ಮನ ಮಗಳು ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಂಬಂತೆ ಓಡಿ ಬಂದಳು.

"ಅಕ್ಕಾ! ಅಮ್ಮ ಕಣ್ಣು ಬಿಟ್ಟಳು! ನನ್ನ ಗುರುತು ಹಿಡಿದಳು. ಮೊದಲ ಮಾತು ಏನು ಗೊತ್ತಾ? 'ಎದುರುಮನೆಯೋಳ ಕುಪ್ಪಸಕ್ಕೆ ಗುಂಡಿ ಹಾಕೋದಿದೆ' ಅಂತ!"

ನಗುತ್ತಲೇ ಅವಳ ಕಣ್ಣು ಫಿಟ್ಟರನ ಮೇಲೆ ಬಿತ್ತು. ನಗು ಅಲ್ಲೇ ನಿಂತಿತು. ಅವಳು ಅಕ್ಕನ ಕಡೆ ತಿರುಗಿದಳು.

"ಅವನ ಕೆಲಸದಲ್ಲಿ ತಪ್ಪಿಲ್ಲ," ಎಂದಳು ಅಕ್ಕ. "ಗೋಡೆನೇ ಸಾಕ್ಷಿ ಹೇಳಿತು."

ಫಿಟ್ಟರ್ ಉಗುರಿನಲ್ಲಿದ್ದ ಗಾರೆ ಕೆರೆಯುತ್ತ ನಿಂತಿದ್ದ. "ಟೈಲರಮ್ಮನವರಿಗೆ... ಊಟ ಸೇರ್ತಿದೆಯಂತಾ?"

"ಟೈಲರಮ್ಮನವರಂತೆ!" ಅವಳು ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. "ನಿಶ್ಚಿತಾರ್ಥಕ್ಕೆ ಮೊದಲೇ ಅತ್ತೆ ಅತ್ತೆ ಅಂತ ಬಾಯ್ತುಂಬ ಕರೆದು ತಿಂಡಿ ತಿಂದು ಹೋಗ್ತಿದ್ದೆ. ಈಗೇನು, ಬಿಲ್ಲು ಕೊಡೋಕೆ ಬಂದಿದೀಯಾ?"

ಅವಳು ಅವನ ಅಂಗಿಯ ತೋಳಿನ ಸಿಮೆಂಟು ಕೊಡವತೊಡಗಿದಳು, ಅಗತ್ಯಕ್ಕಿಂತ ಜೋರಾಗಿ.

"ಇನ್ನು ಇಲ್ಲಿ ನಮ್ಮ ಕೆಲಸವಿಲ್ಲ," ಎಂದು ಭಾವ ಅಕ್ಕನ ಚೀಲ ಎತ್ತಿಕೊಂಡ. "ಗೀಸರ್ ಕೊಂದ... ಅಲ್ಲ, ಕೊಲ್ಲಲಿಲ್ಲ. ಒಟ್ನಲ್ಲಿ ಗೀಸರ್ರೇ. ಮುಗೀತಲ್ಲ?"

"ಅಳೆದಿಲ್ಲವಲ್ಲ ಭಾವ."

"ಏನನ್ನ?"

"ಗೀಸರನ್ನ. ಡಾಕ್ಟ್ರು ಹೆದರಿಕೆಯಿಂದ ಗೀಸರ್ ಅಂದ್ರು. ಇನ್‌ಸ್ಪೆಕ್ಟರ್ ಅವಸರದಲ್ಲಿ ಗೀಸರ್ ಅಂದ್ರು. ಇಲ್ಲಿವರೆಗೂ ಒಬ್ಬರೂ ಅಳೆದು ಹೇಳಿಲ್ಲ. ಪೈಪು ಮೊದಲಿದ್ದ ಹಾಗೆ ಮಾಡಿ, ಫ್ಯಾನ್ ಹಾಕಿ, ಆಮೇಲೆ ಸ್ಟೇಷನ್ನಿಂದ ಸಿಲಿಂಡರ್ ತರಿಸಿ ಗೀಸರ್ ಹೊತ್ತಿಸಿ ನೋಡೋಣ. ಆವಾಗ ನಾನೂ ಮುಗೀತು ಅಂತೀನಿ."

* * *

ಫಿಟ್ಟರನಿಗೆ ಆ ಕೆಲಸ ಹಬ್ಬದ ಊಟ ಬಡಿಸಿದಂತಾಯಿತು. ಹೊಸ ಪೈಪಿನ ತುಂಡು ತಂದ, ಕೈಗರಗಸದಲ್ಲಿ ಕತ್ತರಿಸಿದ, ಅಂಚು ಉಜ್ಜಿದ. ಜೋಡಿಸುವ ಮೊದಲು ಪೈಪಿನೊಳಗೆ ಒಂದು ಗೋಲಿ ಬಿಟ್ಟ. ಅದು ಹೊರಗಡೆಗೆ ಉರುಳಿಹೋಗಿ ತಾರಸಿಯ ಮೇಲೆ ಟಪ್ ಎಂದಿತು.

"ವಾಟ ನೋಡಿದ್ರಾ ಅಕ್ಕಾ?"

"ನೋಡಿದೆ."

"ಇನ್‌ಸ್ಪೆಕ್ಟರೇ, ನೀವೂ ನೋಡಿದ್ರಾ?"

"ನೋಡಿದೆ ಮಾರಾಯಾ, ನೋಡಿದೆ."

ಸಂದಿಗೆ ಅಂಟು ತುಂಬಿದ, ಮುಚ್ಚಳದ ಜಾಲರಿಯನ್ನು ಅದೇ ನಾಲ್ಕು ಜಾಗದಲ್ಲಿ ಬಿಗಿದ, ಒಳಗೆ ಫ್ಯಾನ್ ಕೂರಿಸಿದ. ಟೈಲರಮ್ಮನ ಮಗಳು ಕೆಳಗಿನಿಂದ ಒಂದೊಂದೇ ಮೊಳೆ ಎತ್ತಿ ಕೊಟ್ಟಳು. ಒಂದನ್ನು ಕೊಡುವ ಮೊದಲು ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡಳು. ಅವನು ಕೈ ಚಾಚಿ ಕಾದ. ಇಬ್ಬರಿಗೂ ಅವಸರವಿರಲಿಲ್ಲ.

ಬಾಗಿಲು ಹಾಕಿಕೊಂಡು ಸ್ವಿಚ್ಚು ಒತ್ತಿದರು. ಫ್ಯಾನ್ ಗುಯ್ ಎಂದಿತು. ಅಕ್ಕ ಹಿಡಿದ ಹಸಿರು ನೂಲಿನೆಳೆ ನೆಟ್ಟಗೆ ಎದ್ದು ಜಾಲರಿಗೆ ಅಂಟಿಕೊಂಡಿತು. ಆಚೆ ತಾರಸಿಯಿಂದ ಕಾನ್‌ಸ್ಟೇಬಲ್ ಕೂಗಿದ: "ಗಾಳಿ ಬರ್ತಿದೆ ಸಾರ್! ಚೆನ್ನಾಗಿ ಬರ್ತಿದೆ!"

ಭಾವ ಚಪ್ಪಾಳೆ ತಟ್ಟಿದ. ಮಗಳು ನಕ್ಕಳು. "ನಾಲ್ಕೈದು ದಿನದಲ್ಲಿ ಅಮ್ಮ ಮನೆಗೆ ಬರ್ತಾಳೆ ಅಂದಿದಾರೆ ಡಾಕ್ಟ್ರು... ಆಸ್ಪತ್ರೆ ಡಾಕ್ಟ್ರು. ಬಂದು ಮೊದಲು ಇದನ್ನ ನೋಡಬೇಕು ಅವಳು."

ಆಗ ಕಿಟಕಿಯ ಕಟ್ಟೆಯ ಮೇಲಿನ ಹಳದಿ ಡಬ್ಬಿ ಒಂದು ಸಲ ಕೀಕ್ ಎಂದಿತು.

ಅಕ್ಕ ತಿರುಗಿ ನೋಡಿದಳು. ಬೆಳಗಿನಿಂದ ಸೊನ್ನೆಯಿದ್ದ ಜಾಗದಲ್ಲಿ ಒಂಬತ್ತು ಇತ್ತು. ನೋಡುತ್ತಿದ್ದಂತೆ ಹದಿನೇಳಾಯಿತು. ಇಪ್ಪತ್ತಾರು.

"ಎಲ್ಲರೂ ಆಚೆ ಹೋಗಿ. ಕಿಟಕಿ ತೆಗೆದು ಹೋಗಿ. ಈಗಲೇ!"

"ಗೀಸರ್ರು..." ಎಂದು ಇನ್‌ಸ್ಪೆಕ್ಟರ್ ಶುರುಮಾಡಿ ಬಾಯಿ ಮುಚ್ಚಿದರು. ಗೀಸರಿನ ಉರಿಯಿಲ್ಲದ ಬಾಯಿ ಎಲ್ಲರ ಎದುರಿಗೇ ಇತ್ತು. ಸಿಲಿಂಡರ್ ಮಂಗಳವಾರದಿಂದ ಸ್ಟೇಷನ್ನಿನ ಮೂಲೆಯಲ್ಲಿ ಕೂತಿತ್ತು. ಈ ಬಚ್ಚಲಲ್ಲಿ ಒಂದು ಬೆಂಕಿಕಡ್ಡಿಯಷ್ಟು ಬೆಂಕಿಯೂ ಇರಲಿಲ್ಲ.

ಅಕ್ಕ ಉಸಿರು ಬಿಗಿಹಿಡಿದು, ನೂಲಿನೆಳೆಯನ್ನು ಗೋಡೆಗುಂಟ ಒಂದು ಸುತ್ತು ತಂದಳು. ಫ್ಯಾನ್ ಒಳಗಿನ ಗಾಳಿಯನ್ನು ಆಚೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಕಿಟಕಿ ಈವರೆಗೆ ಮುಚ್ಚಿತ್ತು. ಬಾಗಿಲ ಅಡಿಗೆ ಚಳಿಗಾಳಿ ಬಾರದಿರಲೆಂದು ಟೈಲರಮ್ಮ ರಬ್ಬರಿನ ಪಟ್ಟಿ ಅಂಟಿಸಿದ್ದಳು. ಫ್ಯಾನಿನ ಎದುರು ಗೋಡೆಯಲ್ಲಿ, ನಲ್ಲಿಯ ಪೈಪು ಹಾದುಬಂದ ಜಾಗದ ಸುತ್ತ ಬೆರಳು ತೂರುವಷ್ಟು ಸಂದಿ. ಅಲ್ಲಿಗೆ ಬಂದಾಗ ಎಳೆ ಗೋಡೆಯಿಂದ ದೂರ ಚಿಮ್ಮಿ ಅವಳ ಮುಖದ ಕಡೆಗೆ ಬಾಗಿತು.

ಸ್ವಿಚ್ಚು ಆರಿಸಿ ಆಚೆ ಬಂದು ಉಸಿರು ಬಿಟ್ಟಳು. ಡಾಕ್ಟರು ತುಂಬಿದ ಸಿಮೆಂಟು ಹುಡುಗನ ಮೇಲೆ ಅಪರಾಧ ಹೊರಿಸಿತ್ತು, ನಿಜ. ಆದರೆ ಮೂರು ದಿನ ಫ್ಯಾನಿನ ಬಾಯಿ ಕಟ್ಟಿ, ಈ ವಿಷಗಾಳಿಯನ್ನೂ ಗೋಡೆಯಾಚೆಯೇ ತಡೆದು ನಿಲ್ಲಿಸಿತ್ತು.

"ಆ ಗೋಡೆ ಆಚೆ ಏನಿದೆ?"

"ಡಾಕ್ಟ್ರ ಹಳೇ ಸಾಮಾನಿನ ಕೋಣೆ," ಎಂದಳು ಮಗಳು. ಅವಳ ದನಿ ಸಣ್ಣದಾಗಿತ್ತು. "ಬಾಗಿಲು ಹಿಂದಿನ ಮೆಟ್ಟಿಲ ಕಡೆಗಿದೆ. ಯಾವಾಗಲೂ ಬೀಗ."

ಡಾಕ್ಟರನ್ನು ಕರೆದುಕೊಂಡೇ ಹಿಂದಿನ ಮೆಟ್ಟಿಲು ಹತ್ತಿದರು. ಅವರು ಬೀಗದ ಕೈ ಗೊಂಚಲು ಹಿಡಿದು ಬಂದರು.

"ಇದನ್ನ ನಾನು ತೆಗೆದು ಒಂದು ವರ್ಷದ ಮೇಲಾಯ್ತು. ಒಳಗೆ ಹಳೇ ಕುರ್ಚಿ, ಡಬ್ಬ ಬಿಟ್ರೆ ಏನೂ ಇಲ್ಲ. ಇದಕ್ಕೂ ನನಗೂ ಏನೂ... ನಾನು ಮಾಡಿದ್ದೆಲ್ಲ ಹೇಳಿಬಿಟ್ಟಿದೀನಿ."

ಒಂದು ಬೀಗದ ಕೈ ಹಾಕಿದರು. ತಿರುಗಲಿಲ್ಲ. ಇನ್ನೊಂದು ಹಾಕಿದರು. ಆಮೇಲೆ ಕನ್ನಡಕ ಮೇಲೆತ್ತಿ, ಬೀಗವನ್ನು ಹಲ್ಲು ನೋಡುವಂತೆ ಹತ್ತಿರದಿಂದ ನೋಡಿದರು.

"ಇದು ನನ್ನ ಬೀಗ ಅಲ್ಲ," ಎಂದರು.

ನುಣುಚಿಕೊಳ್ಳುವಾಗ ಡಾಕ್ಟರ ದನಿ ಹೇಗಿರುತ್ತದೆಂದು ಅಕ್ಕ ಈಗಷ್ಟೇ ಕೇಳಿದ್ದಳು. ಇದು ಆ ದನಿಯಲ್ಲ.

ಇನ್‌ಸ್ಪೆಕ್ಟರ್ ಬಾಗಿಲಿಗೆ ಅಂಗೈ ಒತ್ತಿ, ತಟ್ಟನೆ ತೆಗೆದರು. ಹಲಗೆ ಬೆಚ್ಚಗಿತ್ತು.

"ಯಾರಯ್ಯಾ ಒಳಗೆ?"

ಉತ್ತರ ಬರಲಿಲ್ಲ. ಫಿಟ್ಟರ್ ಉಳಿ ಸುತ್ತಿಗೆ ಎತ್ತಿ ಬೀಗದ ಕೊಂಡಿಗೆ ಗುರಿಯಿಟ್ಟ. ಅಕ್ಕ ಮಂಡಿಯೂರಿ, ಹಳದಿ ಡಬ್ಬಿಯನ್ನು ಬಾಗಿಲ ಕೆಳಗಿನ ಸಂದಿಗೆ ಹಿಡಿದಳು. ಅಂಕಿಗಳು ಓಡಿದವು, ನಿಧಾನವಾದವು, ನಿಂತವು.

ನಾನೂರ ಹದಿನೆಂಟು ಪಿಪಿಎಂ.